ಒಂಬತ್ತು ಜನರ ಸರದಿ, ಬದಿಯಡ್ಕದ ಸಿಟ್ಟು

ಓದುಗರು ಕೇಳುತ್ತಾರೆ, ಪಿ.ಟಿ. ಮಾಷ್ಟ್ರು ಹೇಳುತ್ತಾರೆ

ಪ್ರಶ್ನೆ: ಮಾಷ್ಟ್ರಿಗೆ ನಮಸ್ಕಾರ. ನಾನು ಬದಿಯಡ್ಕದ ಹತ್ತಿರದ ಅಡಿಕೆ ಕೃಷಿಕ. ಮಗಳ ಬಾಣಂತನಕ್ಕೆಂದು ನಾನೂ ಹೆಂಡತಿಯೂ ಅಮೆರಿಕಕ್ಕೆ ಹೋಗಿದ್ದೆವು. ಹೆಂಡತಿಗೆ ಕೈತುಂಬ ಕೆಲಸ. ನನಗೆ ಎಂಥದೂ ಇಲ್ಲ. ಅಲ್ಲಿ ತೋಟ ಇಲ್ಲ, ಸಂಜೆ ಪೇಟೆಗೆ ನಡೆದು ಹೋಗುವ ಹಾಗೂ ಇಲ್ಲ. ಅಳಿಯ ಆಫೀಸಿನಿಂದ ಬಂದವರೇ ಟಿ.ವಿ.ಯಲ್ಲಿ ಬೇಸ್‌ಬಾಲ್ ಹಾಕುತ್ತಿದ್ದರು. ನಾನೂ ಪಕ್ಕದಲ್ಲಿ ಕೂತೆ. ಮೊದಮೊದಲು ತಲೆಬುಡ ಅರ್ಥವಾಗಲಿಲ್ಲ. ಆಮೇಲೆ ಹಿಡಿದ ಹುಚ್ಚು ಊರಿಗೆ ಬಂದರೂ ಬಿಟ್ಟಿಲ್ಲ. ಅಲ್ಲಿಯ ರಾತ್ರಿ ಏಳರ ಆಟ ನಮಗೆ ಬೆಳಗಿನ ಜಾವ ನಾಲ್ಕೂವರೆಗೆ. ಮನೆಯವರು ಏಳುವ ಮೊದಲೇ ನಾನು ಮೊಬೈಲ್ ಹಿಡಿದು ಚಾವಡಿಯಲ್ಲಿ ಕೂತಿರುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ತಂಡದ ಮ್ಯಾನೇಜರ್ ಮಾಡುವ ಬ್ಯಾಟಿಂಗ್ ಆರ್ಡರ್ ನೋಡಿದರೆ ಮೈ ಉರಿಯುತ್ತದೆ. ಮೊದಲು ಬರುವವನು ಒಬ್ಬ ಭಾರಿ ದೇಹದ ಆಸಾಮಿ. ಸರಾಸರಿ ಇಡೀ ತಂಡದಲ್ಲೇ ಕಡಿಮೆ. ಬೀಸಿದರೆ ಒಂದೋ ಚೆಂಡು ಗ್ಯಾಲರಿಯಲ್ಲಿ, ಇಲ್ಲವೋ ಬ್ಯಾಟ್ ಗಾಳಿಯಲ್ಲಿ. ಓಟವಂತೂ ಕೇಳುವುದೇ ಬೇಡ. ಎಲ್ಲರಿಗಿಂತ ಒಳ್ಳೆ ಸರಾಸರಿ ಇರುವ ನಮ್ಮ ಶಾರ್ಟ್‌ಸ್ಟಾಪ್ ಹುಡುಗ (ಅದು ಫೀಲ್ಡಿಂಗ್ ಜಾಗದ ಹೆಸರು) ಆರನೆಯವನು! ಕ್ಯಾಚರ್, ಅಂದರೆ ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ, ಒಂದು ದಿನ ಐದನೆಯವನು, ಮರುದಿನ ಎಂಟನೆಯವನು, ಇನ್ನೊಂದು ದಿನ ಬೆಂಚಿನಲ್ಲಿ. ಮೊನ್ನೆ ಕೊನೆಯ ಇನ್ನಿಂಗ್ಸ್. ನಾವು ಒಂದು ರನ್ ಹಿಂದೆ. ಇಬ್ಬರು ಔಟ್, ಇಬ್ಬರು ಬೇಸಿನಲ್ಲಿ (ರನ್ನಿಗೆ ಸುತ್ತು ಓಡುವಾಗ ದಾರಿಯಲ್ಲಿ ನಿಲ್ಲುವ ಗುರುತು ಅದು). ಆಗ ಬಂದದ್ದು ಯಾರು? ಒಂಬತ್ತನೆಯವನು. ಮೂರು ಚೆಂಡು, ಮೂರು ಬೀಸು, ಕಥೆ ಮುಗಿಯಿತು. ನಮ್ಮ ಶಾರ್ಟ್‌ಸ್ಟಾಪ್ ಡಗೌಟಿನ ಕಂಬಿ ಹಿಡಿದು ನೋಡುತ್ತಾ ನಿಂತಿದ್ದ. ಕ್ರಿಕೆಟ್ ಆಗಿದ್ದರೆ ಹೀಗೆ ಬಿಡುತ್ತಿದ್ದರಾ? ಅಳಿಯನಿಗೆ ಫೋನ್ ಮಾಡಿ ಬೈದೆ. "ಮಾವ, ಆರ್ಡರಿನಿಂದ ಅಂಥ ವ್ಯತ್ಯಾಸ ಏನೂ ಆಗೋದಿಲ್ಲ, ಕಂಪ್ಯೂಟರ್ ಲೆಕ್ಕ ಹಾಕಿಯೇ ಮಾಡ್ತಾರೆ" ಅಂತಾರೆ. ವ್ಯತ್ಯಾಸ ಆಗುವುದಿಲ್ಲ ಅಂದಮೇಲೆ ಲೆಕ್ಕ ಯಾಕೆ? ನೀವೇ ತೀರ್ಪು ಹೇಳಿ.

ಉತ್ತರ: ರಾಯರೇ, ಪತ್ರದಲ್ಲಿ ತಂಡದ ಹೆಸರು, ಮ್ಯಾನೇಜರನ ಹೆಸರು, ಅವನಿಗೆ ನೀವು ಕೊಟ್ಟ ಎರಡು ಬಿರುದು, ಎಲ್ಲ ಇತ್ತು. ಮೂರನ್ನೂ ತೆಗೆದು ಅಚ್ಚಿಗೆ ಕೊಟ್ಟಿದ್ದೇನೆ. ಅದರಿಂದ ನಷ್ಟ ಏನಿಲ್ಲ. ಅಲ್ಲಿಯ ದೊಡ್ಡ ಲೀಗಿನಲ್ಲಿ ಮೂವತ್ತು ತಂಡಗಳಿವೆ. ಮೂವತ್ತರ ಅಭಿಮಾನಿಗಳೂ ಇದೇ ಪತ್ರ ಬರೆಯುತ್ತಾರೆ, ಬರೀ ಹೆಸರು ಬೇರೆ.

ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ತಪ್ಪು ಮನೆಯ ಬಾಗಿಲು ಬಡಿಯುತ್ತಿದ್ದೀರಿ. ಮೊನ್ನೆಯ ಕೊನೆಯ ಇನ್ನಿಂಗ್ಸಿನಿಂದಲೇ ಶುರು ಮಾಡೋಣ, ನೋವು ಇರುವುದು ಅಲ್ಲೇ ಅಲ್ವಾ?

ನೀವು ಕ್ರಿಕೆಟ್ ಕಣ್ಣಿನಿಂದ ನೋಡುತ್ತಿದ್ದೀರಿ. ಕ್ರಿಕೆಟ್‌ನಲ್ಲಿ ಟಾಸಿಗೆ ಮೊದಲು ಹನ್ನೊಂದು ಹೆಸರು ಕೊಡಬೇಕು, ಅಷ್ಟೇ. ಯಾರ ಹಿಂದೆ ಯಾರು ಅಂತ ಕೊಡಬೇಕಾಗಿಲ್ಲ. ವಿಕೆಟ್ ಬಿದ್ದಾಗ ಕ್ಯಾಪ್ಟನ್ ಯಾರನ್ನು ಬೇಕಾದರೂ ಎಬ್ಬಿಸಿ ಕಳಿಸಬಹುದು. 2001ರಲ್ಲಿ ಕೋಲ್ಕತಾದಲ್ಲಿ ಆಸ್ಟ್ರೇಲಿಯಾದ ಎದುರು ನಮಗೆ ಫಾಲೋಆನ್ ಆಯಿತು. ಮೊದಲ ಇನ್ನಿಂಗ್ಸಿನಲ್ಲಿ ಆರನೆಯವರಾಗಿ ಆಡಿದ್ದ ಲಕ್ಷ್ಮಣ್ ಎರಡನೆಯದರಲ್ಲಿ ಮೂರನೆಯವರಾಗಿ ಬಂದರು. ಮೂರರಲ್ಲಿದ್ದ ನಮ್ಮ ದ್ರಾವಿಡ್ ಆರಕ್ಕೆ ಇಳಿದರು. ಒಬ್ಬರು 281, ಇನ್ನೊಬ್ಬರು 180. ಒಂದೇ ಪಂದ್ಯದ ನಡುವೆ ಜಾಗ ಅದಲುಬದಲು. 2011ರ ವಿಶ್ವಕಪ್ ಫೈನಲ್‌ನಲ್ಲಿ ಧೋನಿ, ಯುವರಾಜ್‌ಗಿಂತ ಮೊದಲು ತಾನೇ ಎದ್ದು ಬಂದದ್ದು ನಿಮಗೂ ನೆನಪಿರಬೇಕು. ಔಟಾಗದೆ 91 ಹೊಡೆದರು. ಅದೇ ಧೋನಿಯನ್ನು 2019ರ ಸೆಮಿಫೈನಲ್‌ನಲ್ಲಿ ನ್ಯೂಜಿಲೆಂಡ್ ಎದುರು ಏಳನೆಯವರಾಗಿ ಕಳಿಸಿದ್ದಕ್ಕೆ ಇವತ್ತಿಗೂ ಕುಂಬಳೆ ಪೇಟೆಯ ಹೋಟೆಲುಗಳಲ್ಲಿ ಚರ್ಚೆ ಮುಗಿದಿಲ್ಲ.

ಬೇಸ್‌ಬಾಲ್‌ನಲ್ಲಿ ಇದ್ಯಾವುದೂ ನಡೆಯುವುದಿಲ್ಲ. ಆಟಕ್ಕೆ ಮೊದಲೇ ಒಂಬತ್ತು ಜನರ ಹೆಸರು, ಕ್ರಮ ಸಮೇತ, ಒಂದು ಕಾರ್ಡಿನಲ್ಲಿ ಬರೆದು ಅಂಪೈರ್ ಕೈಗೆ ಕೊಡಬೇಕು. ಅಲ್ಲಿಗೆ ಬೀಗ ಬಿತ್ತು. ಒಂಬತ್ತನೆಯವನ ಮೇಲೆ ಪುನಃ ಮೊದಲನೆಯವನು. ಮೂರು ಔಟಿಗೆ ಇನ್ನಿಂಗ್ಸ್ ಮುಗಿಯುತ್ತದೆ, ಇಂಥ ಒಂಬತ್ತು ಇನ್ನಿಂಗ್ಸ್ ಒಂದು ತಂಡಕ್ಕೆ. ಮುಂದಿನ ಇನ್ನಿಂಗ್ಸ್ ಶುರುವಾಗುವುದು ಎಲ್ಲಿ ನಿಂತಿತ್ತೋ ಅದರ ಮುಂದಿನವನಿಂದ. ಸರದಿ ತಪ್ಪಿ ಯಾರಾದರೂ ಬ್ಯಾಟ್ ಮಾಡಿದರೆ, ಎದುರು ತಂಡದವರು ಹೊತ್ತಿಗೆ ಸರಿಯಾಗಿ ಅಂಪೈರಿಗೆ ಹೇಳಿದರೆ, ಬರಬೇಕಾಗಿದ್ದವನೇ ಔಟ್. ಹಾಗಾಗಿ ನಿಮ್ಮ ಶಾರ್ಟ್‌ಸ್ಟಾಪ್ ಕಂಬಿ ಹಿಡಿದು ನಿಂತದ್ದು ಮ್ಯಾನೇಜರನ ದಡ್ಡತನದಿಂದ ಅಲ್ಲ. ಅವನ ಸರದಿ ಆಗಿ ಹೋಗಿತ್ತು. ದೇವೇಂದ್ರನೇ ಮ್ಯಾನೇಜರ್ ಆಗಿದ್ದರೂ ಅವನನ್ನು ಅಲ್ಲಿಗೆ ತರಲು ಆಗುತ್ತಿರಲಿಲ್ಲ.

ಈಗ ನಿಮ್ಮ ಮೊದಲನೆಯವನ ವಿಷಯ.

ಹಿಂದೆ ಅಲ್ಲಿ ಒಂದು ಸಂಪ್ರದಾಯ ಇತ್ತು. ಮೊದಲನೆಯವನು ಚುರುಕು ಓಟಗಾರ. ಎರಡನೆಯವನು ಅವನನ್ನು ಒಂದು ಬೇಸ್ ಮುಂದೆ ತಳ್ಳುವವನು. ಮೂರು ಮತ್ತು ನಾಲ್ಕು ದೊಡ್ಡ ಹೊಡೆತಗಾರರು, ಬೇಸಿನಲ್ಲಿ ಇದ್ದವರನ್ನೆಲ್ಲ ಮನೆಗೆ ತಂದು ರನ್ ಮಾಡಿಸುವವರು. 1929ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡದವರು ಅಂಗಿಯ ಬೆನ್ನಿಗೆ ನಂಬರ್ ಹಾಕಿದ್ದು ಇದೇ ಕ್ರಮದಲ್ಲಿ. ಮೂರನೆಯವನಾಗಿ ಆಡುತ್ತಿದ್ದ ಬೇಬ್ ರೂತ್‌ಗೆ 3, ನಾಲ್ಕನೆಯ ಲೂ ಗೆರಿಗ್‌ಗೆ 4. ಅಷ್ಟು ಗಟ್ಟಿಯಾಗಿ ಕೂತಿದ್ದ ಪದ್ಧತಿ ಅದು. ರಿಕಿ ಹೆಂಡರ್ಸನ್ ಅಂಥವನು ಇದ್ದಾಗ ಆ ಪದ್ಧತಿಯಲ್ಲಿ ತಪ್ಪೇನೂ ಕಾಣಿಸುತ್ತಿರಲಿಲ್ಲ. ಅವನು ತನ್ನ ಕಾಲದಲ್ಲಿ ಕದ್ದ ಬೇಸ್‌ಗಳು 1406 (ಚೆಂಡಿಗೆ ಹೊಡೆತ ಬೀಳದಿದ್ದರೂ ಸಮಯ ನೋಡಿ ಮುಂದಿನ ಬೇಸಿಗೆ ಓಡಿ ಹಿಡಿಯುವುದೇ ಕದಿಯುವುದು). ಆಟದ ಮೊದಲ ಬ್ಯಾಟರ್ ಆಗಿ ಬಂದು ಹೊಡೆದ ಹೋಮ್ ರನ್, ಅಂದರೆ ಮೈದಾನ ದಾಟಿಸುವ ಹೊಡೆತ, 81. ಓಟವೂ ಉಂಟು, ಹೊಡೆತವೂ ಉಂಟು, ಕಾಯುವ ತಾಳ್ಮೆಯೂ ಉಂಟು. ಅಂಥವರು ನೂರು ವರ್ಷಕ್ಕೆ ಒಬ್ಬರು.

ಈಗಿನವರು ಬೇರೆ ರೀತಿ ಯೋಚಿಸುತ್ತಾರೆ. ಒಂದು ಸಣ್ಣ ಲೆಕ್ಕ ಮಾಡಿ, ಅಡಿಕೆ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಹಾಳೆ ಸಾಕು. ಒಂದು ಸೀಸನ್‌ಗೆ 162 ಆಟ. ಆಟ ಯಾವ ಬ್ಯಾಟರ್ ಮೇಲೆ ನಿಲ್ಲುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ. ಒಂದು ದಿನ ನಾಲ್ಕನೆಯವನ ಮೇಲೆ, ಒಂದು ದಿನ ಎಂಟನೆಯವನ ಮೇಲೆ. ಒಂಬತ್ತು ಜಾಗಗಳಿಗೆ ಸುಮಾರಾಗಿ ಸಮ ಹಂಚಿಕೆ ಅಂತ ಇಟ್ಟುಕೊಳ್ಳಿ. 162ನ್ನು 9ರಿಂದ ಭಾಗಿಸಿದರೆ 18. ಅಂದರೆ ಕ್ರಮದಲ್ಲಿ ಒಂದು ಜಾಗ ಮೇಲೆ ಇದ್ದವನಿಗೆ, ಕೆಳಗಿನವನಿಗಿಂತ ವರ್ಷಕ್ಕೆ 18 ಸಲ ಜಾಸ್ತಿ ಬ್ಯಾಟಿಂಗ್ ಸಿಗುತ್ತದೆ. ಒಂದನೆಯವನಿಗೂ ಒಂಬತ್ತನೆಯವನಿಗೂ ನಡುವೆ 144 ಸರದಿಯ ಅಂತರ. ಮೊದಲ ಜಾಗದ ನಿಜವಾದ ಬೆಲೆ ಇಲ್ಲಿದೆ.

ಇನ್ನೊಂದು ಸಂಗತಿ ಉಂಟು. ಮೊದಲನೆಯವನು ಖಂಡಿತವಾಗಿ ಮೊದಲು ಬರುವುದು ಒಂದೇ ಒಂದು ಸಲ, ಮೊದಲ ಇನ್ನಿಂಗ್ಸಿನಲ್ಲಿ. ಆಮೇಲಿನ ಇನ್ನಿಂಗ್ಸ್ ಆರನೆಯವನಿಂದ ಶುರುವಾಗಬಹುದು, ಮೂರನೆಯವನಿಂದ ಆಗಬಹುದು. ಮ್ಯಾನೇಜರ್ ಬರೆದ ಕ್ರಮ ಹಾಗೇ ನಡೆಯುವುದು ಆ ಒಂದು ಇನ್ನಿಂಗ್ಸಿನಲ್ಲಿ ಮಾತ್ರ. ಉಳಿದ ಎಂಟರಲ್ಲಿ ಚಕ್ರ ತನ್ನ ಪಾಡಿಗೆ ತಿರುಗುತ್ತದೆ. ಒಂಬತ್ತು ಇನ್ನಿಂಗ್ಸ್‌ಗಳಲ್ಲಿ ಸರಾಸರಿ ಅತಿ ಹೆಚ್ಚು ರನ್ ಬರುವುದು ಮೊದಲನೆಯದರಲ್ಲೇ. ಯಾಕೆ ಅಂತ ಈಗ ನಿಮಗೇ ಗೊತ್ತಾಗಿರಬೇಕು.

ನಮ್ಮ ಯಕ್ಷಗಾನ ಬಯಲಾಟದಲ್ಲಿ ಇಡೀ ರಾತ್ರಿ ಸಮಯ ಇರುತ್ತಿತ್ತು. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಎಲ್ಲ ಆಗಿ, ಬಣ್ಣದ ವೇಷ ಅಬ್ಬರಿಸಿ ಬರುವಾಗ ನಡುರಾತ್ರಿ ದಾಟಿರುತ್ತಿತ್ತು. ಯಾರೂ ಗೊಣಗುತ್ತಿರಲಿಲ್ಲ. ಈಗ ಕಾಲಮಿತಿ ಆಟ. ಹನ್ನೆರಡಕ್ಕೆ ಮಂಗಳ ಹಾಡಬೇಕು. ಹೆಸರು ಮಾಡಿದ ಕಲಾವಿದರನ್ನು ಹನ್ನೊಂದೂವರೆಗೆ ರಂಗಕ್ಕೆ ತಂದರೆ ಜನ ಬಿಡುತ್ತಾರಾ? ಬೇಸ್‌ಬಾಲ್ ಯಾವತ್ತೂ ಕಾಲಮಿತಿಯೇ. ಗಡಿಯಾರದ್ದಲ್ಲ, 27 ಔಟಿನ ಮಿತಿ. ಅದು ಗೊತ್ತಿದ್ದೂ ಅಲ್ಲಿಯವರು ತುಂಬಾ ವರ್ಷ ಹಳೇ ಮೇಳದ ಕ್ರಮವನ್ನೇ ನಡೆಸಿದರು. ಈಗ ಬುದ್ಧಿ ಬಂದು ದೊಡ್ಡ ವೇಷವನ್ನು ಮೊದಲೇ ಬಿಡುತ್ತಿದ್ದಾರೆ.

ಸಾಕ್ಷಿ ಬೇಕಾ? 2024ರಲ್ಲಿ ಲಾಸ್ ಏಂಜಲಿಸ್ ಡಾಜರ್ಸ್ ತಂಡದ ಮೊದಲ ಬ್ಯಾಟರ್ ಮೂಕಿ ಬೆಟ್ಸ್ ಜೂನ್‌ನಲ್ಲಿ ಕೈ ಮುರಿದುಕೊಂಡ. ಆ ಜಾಗಕ್ಕೆ ಶೊಹೆ ಒಟಾನಿಯನ್ನು ತಂದರು. ತಂಡದ ಅತಿ ದೊಡ್ಡ ಹೊಡೆತಗಾರ ಅವನು. ಹಳೇ ಲೆಕ್ಕದಲ್ಲಿ ಮೂರಕ್ಕೋ ನಾಲ್ಕಕ್ಕೋ ಬರಬೇಕಾದವನು. ವರ್ಷದ ಕೊನೆಗೆ ಅವನದ್ದು 54 ಹೋಮ್ ರನ್, 59 ಕದ್ದ ಬೇಸ್. ತಂಡ ಲೀಗಿನ ಫೈನಲ್ ಆದ ವರ್ಲ್ಡ್ ಸೀರೀಸ್ ಗೆದ್ದಿತು.

"ಒಟಾನಿ ಬಿಡಿ, ನಮ್ಮವನ ಸರಾಸರಿ ನೋಡಿ" ಅಂತೀರಿ. ಅದಕ್ಕೇ ಬರುತ್ತಿದ್ದೇನೆ. ನೀವು ನೋಡುತ್ತಿರುವುದು ಬ್ಯಾಟಿಂಗ್ ಸರಾಸರಿ. ಅದರಲ್ಲಿ ಹೊಡೆದು ಬೇಸ್ ತಲುಪಿದ್ದು ಮಾತ್ರ ಲೆಕ್ಕ. ಪಿಚರ್, ಅಂದರೆ ಚೆಂಡು ಎಸೆಯುವವನು, ಸರಿಯಾದ ಜಾಗಕ್ಕೆ ಹಾಕದ ನಾಲ್ಕು ಚೆಂಡನ್ನು ಬೀಸದೆ ಬಿಟ್ಟು, ಸುಮ್ನೆ ಮೊದಲ ಬೇಸಿಗೆ ನಡೆದುಕೊಂಡು ಹೋಗುತ್ತಾರಲ್ಲ, ಆ ವಾಕ್ ಅದರಲ್ಲಿ ಇಲ್ಲವೇ ಇಲ್ಲ. ಫಿಲಡೆಲ್ಫಿಯಾ ಫಿಲ್ಲೀಸ್ ತಂಡದ ಕೈಲ್ ಶ್ವಾರ್ಬರ್ 2023ರಲ್ಲಿ ಬಹುಪಾಲು ಆಟಗಳಲ್ಲಿ ಮೊದಲನೆಯವನಾಗಿ ಬಂದ. ಸರಾಸರಿ ಎಷ್ಟು ಗೊತ್ತಾ? 0.197. ಅಂದರೆ ಸಾವಿರಕ್ಕೆ ಇನ್ನೂರೂ ಇಲ್ಲ. 215 ಸಲ ಸ್ಟ್ರೈಕ್‌ಔಟ್, ನಿಮ್ಮ ಒಂಬತ್ತನೆಯವನ ಹಾಗೆ ಮೂರು ಸ್ಟ್ರೈಕಿಗೆ ಔಟ್. ನೋಡಿದರೆ ನಿಮ್ಮ ಆಸಾಮಿಯ ಅಣ್ಣನ ಹಾಗೆ ಕಾಣುತ್ತಾನೆ. ಆದರೆ ಅದೇ ವರ್ಷ ಅವನು 126 ವಾಕ್ ತೆಗೆದುಕೊಂಡ, 47 ಹೋಮ್ ರನ್ ಹೊಡೆದ. ಹೇಗಾದರೂ ಸರಿ, ಔಟಾಗದೆ ಬೇಸ್ ತಲುಪಿದ್ದು ಎಷ್ಟು ಅಂತ ನೋಡಿದರೆ 0.343. ಆ ವರ್ಷ ಇಡೀ ಲೀಗಿನದ್ದು 0.320. ಸರಾಸರಿಯಲ್ಲಿ ಎಲ್ಲರಿಗಿಂತ ಹಿಂದೆ, ಬೇಸ್ ತಲುಪುವುದರಲ್ಲಿ ಮುಂದೆ. ಫಿಲ್ಲೀಸ್ 90 ಆಟ ಗೆದ್ದಿತು. ಮರುವರ್ಷ ಶ್ವಾರ್ಬರ್ ಆಟದ ಮೊದಲ ಬ್ಯಾಟರ್ ಆಗಿಯೇ 15 ಹೋಮ್ ರನ್ ಹೊಡೆದು ದಾಖಲೆ ಮಾಡಿದ.

ಇದು ನನಗೆ ಕಂಪ್ಯೂಟರಿನಿಂದ ಗೊತ್ತಾದದ್ದಲ್ಲ. ಶಾಲೆಯಲ್ಲಿದ್ದಾಗ ಹುಡುಗಿಯರ ಸಾಫ್ಟ್‌ಬಾಲ್ ತಂಡವನ್ನು ಪಂದ್ಯಾಟಗಳಿಗೆ ಕರೆದುಕೊಂಡು ಹೋಗುತ್ತಿದ್ದೆ. ಅದರಲ್ಲಿಯೂ ಇದೇ ಸರದಿ, ಇದೇ ನಾಲ್ಕು ಚೆಂಡಿನ ನಿಯಮ. ಒಬ್ಬಳು ಹುಡುಗಿ ಇದ್ದಳು, ತೆಳ್ಳಗೆ, ಕನ್ನಡಕ. ಹೊಡೆದರೆ ಚೆಂಡು ಪಿಚರ್ ತನಕವೂ ಹೋಗುತ್ತಿರಲಿಲ್ಲ. ಆದರೆ ಕೆಟ್ಟ ಚೆಂಡಿಗೆ ಸತ್ತರೂ ಬ್ಯಾಟ್ ಬೀಸುತ್ತಿರಲಿಲ್ಲ. ಶಾಲಾ ಮಟ್ಟದ ಪಿಚರ್‌ಗಳಿಗೆ ನಾಲ್ಕು ಕೆಟ್ಟ ಚೆಂಡು ಹಾಕಲು ಎಷ್ಟು ಹೊತ್ತು? ಅವಳನ್ನು ಮೊದಲು ಕಳಿಸುತ್ತಿದ್ದೆ. ಅವಳು ತಲೆ ತಗ್ಗಿಸಿ ಮೊದಲ ಬೇಸಿಗೆ ನಡೆದುಕೊಂಡು ಹೋಗುತ್ತಿದ್ದಳು. ದಪ್ಪ ಹೊಡೆತದ ಹುಡುಗಿಯ ಅಪ್ಪ ಬಂದು ನನ್ನ ಹತ್ತಿರ ಜಗಳ ಆಡಿದರು, "ನನ್ನ ಮಗಳು ನಾಲ್ಕನೆಯವಳು ಯಾಕೆ?" ಅಂತ. ಅವಳು ಹೊಡೆಯುವಾಗ ಬೇಸಿನಲ್ಲಿ ಯಾರಾದರೂ ಇರಲಿ ಅಂತ, ಅಂದೆ. ಅವರಿಗೆ ಸಮಾಧಾನ ಆಗಲಿಲ್ಲ. ನಾಲ್ಕು ಅಂದರೆ ನಾಲ್ಕನೇ ರ‍್ಯಾಂಕ್ ಅಂತಲೇ ಅವರ ತಲೆಯಲ್ಲಿ. ನಿಮಗೂ ಸ್ವಲ್ಪ ಹಾಗೇ ಆಗಿದೆಯೋ ಅಂತ ನನಗೆ ಅನುಮಾನ.

ಹಾಗಾದರೆ ಶಾರ್ಟ್‌ಸ್ಟಾಪ್ ಆರಕ್ಕೆ ಯಾಕೆ? ಇಲ್ಲಿ ನಾನು ನಿಮ್ಮ ಕಡೆ. ಒಳ್ಳೆಯ ಮೂವರು ಬ್ಯಾಟರ್‌ಗಳು ಒಂದು, ಎರಡು, ನಾಲ್ಕರಲ್ಲಿ ಇರಬೇಕು ಅಂತ ಲೆಕ್ಕದವರು ಹೇಳುತ್ತಾರೆ. ಮೂರನೆಯ ಜಾಗ ಕೇಳಲು ಚೆಂದ, ಆದರೆ ಮೊದಲ ಇನ್ನಿಂಗ್ಸಿನಲ್ಲಿ ಅವನು ಬರುವಾಗ ಎಷ್ಟೋ ಸಲ ಇಬ್ಬರು ಔಟ್, ಬೇಸ್ ಖಾಲಿ. ಅದಕ್ಕೇ ಈಗ ಆರನ್ ಜಡ್ಜ್, ಮೈಕ್ ಟ್ರೌಟ್ ಅಂಥ ದೊಡ್ಡ ಹೊಡೆತಗಾರರನ್ನು ಎರಡನೆಯವರಾಗಿ ಕಾಣುತ್ತೀರಿ. ನಿಮ್ಮ ಹುಡುಗ ಬರೀ ಸಣ್ಣ ಹೊಡೆತದವನಾಗಿದ್ದು, ವಾಕ್ ತೆಗೆದುಕೊಳ್ಳದೆ ಸಿಕ್ಕಿದ್ದಕ್ಕೆಲ್ಲ ಬೀಸುವವನಾಗಿದ್ದರೆ ಆರು ತಕ್ಕ ಜಾಗವೇ. ಅಲ್ಲದಿದ್ದರೆ ಎರಡಕ್ಕೆ ತರಬೇಕು. ಅವನು ಬೇಸ್ ತಲುಪುವ ಲೆಕ್ಕ ನೋಡಿ ಬರೆಯಿರಿ, ಆಮೇಲೆ ತೀರ್ಪು ಹೇಳುತ್ತೇನೆ.

ಕ್ಯಾಚರ್ ಕಥೆ ಬೇಗ ಮುಗಿಯುತ್ತದೆ. ದಿನವೂ ಆಟದ ಅರ್ಧ ಹೊತ್ತು ಕುಕ್ಕರುಗಾಲಲ್ಲಿ ಕೂರುವ ಕೆಲಸ ಅದು. ಮಂಡಿಗೆ ರಜೆ ಬೇಕು. ಹಾಗಾಗಿ ಬೆಂಚು. ಐದು, ಎಂಟು ಅಂತ ಬದಲಾಗುವುದು ಎದುರಿನ ಪಿಚರ್ ಎಡಗೈಯೋ ಬಲಗೈಯೋ ನೋಡಿ. ಎಡಗೈ ಬ್ಯಾಟರ್‌ಗೆ ಬಲಗೈ ಪಿಚರನ ಚೆಂಡು ಚೆನ್ನಾಗಿ ಕಾಣುತ್ತದೆ, ಎಡಗೈಯವನದ್ದು ಕಷ್ಟ. 2020ರಿಂದ ಇನ್ನೊಂದು ನಿಯಮ ಬಂದಿದೆ. ಒಬ್ಬ ಪಿಚರ್ ಬಂದರೆ ಕಡಿಮೆ ಎಂದರೆ ಮೂವರು ಬ್ಯಾಟರ್‌ಗಳಿಗೆ ಹಾಕಬೇಕು, ಇಲ್ಲವೇ ಆ ಇನ್ನಿಂಗ್ಸ್ ಮುಗಿಸಬೇಕು. ಮೊದಲು ಒಬ್ಬನೇ ಒಬ್ಬ ಎಡಗೈ ಬ್ಯಾಟರ್‌ಗೆಂದು ಎಡಗೈ ಪಿಚರ್ ತಂದು, ಒಂದು ಔಟ್ ಮಾಡಿಸಿ ಕಳಿಸುತ್ತಿದ್ದರು. ಈಗ ಅದು ನಡೆಯದು. ನೀವು ಕ್ರಮದಲ್ಲಿ ಎಡ, ಬಲ, ಎಡ ಅಂತ ಜೋಡಿಸಿಟ್ಟರೆ ಎದುರಿನವನು ಯಾರನ್ನು ತಂದರೂ ಒಬ್ಬನಾದರೂ ಅವನಿಗೆ ತೊಂದರೆ ಕೊಡುತ್ತಾನೆ. ಹೊರಗಿನವರಿಗೆ ದಿನಕ್ಕೊಂದು ಹುಚ್ಚಾಟದ ಹಾಗೆ ಕಾಣುವುದು ಇದಕ್ಕೇ.

ಇನ್ನು ನಿಮ್ಮ ಅಳಿಯನ ಮಾತು. ಅವರು ಹೇಳಿದ್ದು ಸರಿ. ಲೆಕ್ಕ ಗೊತ್ತಿದ್ದವರು ಅಳೆದು ನೋಡಿದ್ದಾರೆ. ಅತಿ ಒಳ್ಳೆಯ ಕ್ರಮಕ್ಕೂ ಸಾಮಾನ್ಯ ಮ್ಯಾನೇಜರ್ ಬರೆಯುವ ಕ್ರಮಕ್ಕೂ ಇಡೀ ಸೀಸನ್‌ನಲ್ಲಿ ಹತ್ತು ಹದಿನೈದು ರನ್ನಿನ ವ್ಯತ್ಯಾಸ. ಒಂದು ತಂಡ ವರ್ಷಕ್ಕೆ ಏಳುನೂರರ ಆಸುಪಾಸು ರನ್ ಮಾಡುತ್ತದೆ. ಹತ್ತು ರನ್ ಅಂದರೆ ಹೆಚ್ಚುಕಡಿಮೆ ಒಂದು ಗೆಲುವು. 162ರಲ್ಲಿ ಒಂದು! ಇಷ್ಟಕ್ಕೆ ನೀವು ನಾಲ್ಕೂವರೆಗೆ ಎದ್ದು ಹಲ್ಲು ಕಡಿಯುತ್ತಿದ್ದೀರಿ. ಮತ್ತೆ ಅವರು ಲೆಕ್ಕ ಯಾಕೆ ಹಾಕುತ್ತಾರೆ ಅಂದರೆ, ಆ ಒಂದು ಗೆಲುವಿನಲ್ಲಿ ಪ್ಲೇಆಫ್ ತಪ್ಪಿ ಹೋದ ತಂಡಗಳು ಬೇಕಾದಷ್ಟಿವೆ. ಕ್ರಮ ಬರೆಯಲು ದುಡ್ಡೂ ಖರ್ಚಾಗುವುದಿಲ್ಲ.

ಇದಕ್ಕೆ ಒಂದು ಮಜಾ ಕಥೆ ಉಂಟು. 1972ರ ಆಗಸ್ಟ್ 13. ಡೆಟ್ರಾಯ್ಟ್ ಟೈಗರ್ಸ್ ತಂಡಕ್ಕೆ ಬಿಲ್ಲಿ ಮಾರ್ಟಿನ್ ಮ್ಯಾನೇಜರ್. ಮಹಾ ಸಿಟ್ಟಿನ ಮನುಷ್ಯ. ತಂಡ ಸೋಲುತ್ತಾ ಕೂತಿತ್ತು. ಅವನು ಆಟಗಾರರ ಹೆಸರನ್ನು ಚೀಟಿಯಲ್ಲಿ ಬರೆದು ಟೊಪ್ಪಿಗೆ ಹಾಕಿ ಒಂದೊಂದಾಗಿ ಎತ್ತಿಸಿದ. ಬಂದದ್ದೇ ಬ್ಯಾಟಿಂಗ್ ಆರ್ಡರ್. ದೊಡ್ಡ ಹೊಡೆತದ ನಾರ್ಮ್ ಕ್ಯಾಶ್ ಮೊದಲನೆಯವನಾದ. ಬ್ಯಾಟಿಂಗ್‌ನಲ್ಲಿ ಏನೂ ಹೆಸರಿಲ್ಲದ ಎಡ್ ಬ್ರಿಂಕ್‌ಮನ್ ನಾಲ್ಕನೆಯವನಾದ. ಕ್ಲೀವ್‌ಲೆಂಡ್ ಎದುರಿನ ಆ ಆಟವನ್ನು ಟೈಗರ್ಸ್ 3-2ರಿಂದ ಗೆದ್ದಿತು. ಆ ವರ್ಷ ತಮ್ಮ ವಿಭಾಗವನ್ನೂ ಗೆದ್ದರು. ಚೀಟಿಯಿಂದ ಗೆದ್ದರು ಅಂತ ನಾನು ಹೇಳುವುದಿಲ್ಲ. ಚೀಟಿಯಿಂದ ಸೋಲಲಿಲ್ಲ, ಅಷ್ಟು ಸತ್ಯ.

ನಮ್ಮ ಊರಿನದ್ದೇ ಬೇಕಾದರೆ ಅನಿಲ್ ಕುಂಬ್ಳೆಯವರನ್ನು ನೋಡಿ. 2007ರ ಇಂಗ್ಲೆಂಡ್ ಪ್ರವಾಸ. ದ್ರಾವಿಡ್, ಸಚಿನ್, ಗಂಗೂಲಿ, ಲಕ್ಷ್ಮಣ್ ಎಲ್ಲರೂ ಮೇಲಿದ್ದರು. ಆ ಟೆಸ್ಟ್ ಸರಣಿಯಲ್ಲಿ ಭಾರತದ ಕಡೆಯಿಂದ ಶತಕ ಬಂದದ್ದು ಒಂದೇ. ಓವಲ್‌ನಲ್ಲಿ, ಎಂಟನೇ ನಂಬರಿನಲ್ಲಿ, ಕುಂಬ್ಳೆಯವರ ಔಟಾಗದ 110. ಕುಂಬಳೆ ಸೀಮೆಯವನಾದ ನಾನು ಇದನ್ನು ಸಿಕ್ಕಲ್ಲೆಲ್ಲ ತೂರಿಸುತ್ತೇನೆ, ಸಂಪಾದಕರು ಕ್ಷಮಿಸಬೇಕು.

ಈಗ ನಿಮ್ಮ ಸಿಟ್ಟಿಗೆ ಸರಿಯಾದ ಮನೆ ತೋರಿಸುತ್ತೇನೆ. ಮೊನ್ನೆ ಒಂಬತ್ತನೆಯವನ ಸರದಿ ಬಂದಾಗ ಮ್ಯಾನೇಜರ್ ಅವನ ಬದಲಿಗೆ ಬೆಂಚಿನಿಂದ ಬೇರೆಯವನನ್ನು ಕಳಿಸಬಹುದಿತ್ತು. ನಿಯಮ ಒಪ್ಪುತ್ತದೆ. ಹೊರಗೆ ಹೋದವನು ಆ ಆಟಕ್ಕೆ ವಾಪಸ್ ಬರುವ ಹಾಗಿಲ್ಲ, ಅಷ್ಟೇ. ಕೊನೆಯ ಇನ್ನಿಂಗ್ಸ್, ಇಬ್ಬರು ಔಟ್. ಇನ್ನು ಯಾವ ನಾಳೆಗೆ ಅವನನ್ನು ಉಳಿಸುವುದು? ಬೆಂಚಿನಲ್ಲಿ ಕ್ಯಾಚರ್ ಕೂತಿದ್ದನಾ, ಅವನು ಆ ಪಿಚರ್‌ಗೆ ತಕ್ಕ ಕೈಯವನಾ ನೋಡಿ. ಕೂತಿದ್ದು, ತಕ್ಕವನಾಗಿದ್ದೂ ಕಳಿಸದಿದ್ದರೆ ನೀವು ಕೊಟ್ಟ ಎರಡೂ ಬಿರುದಿಗೆ ಮ್ಯಾನೇಜರ್ ಅರ್ಹ. ಮುಂದಿನ ಸಲ ನಾನು ಅಳಿಸುವುದಿಲ್ಲ.

ಪ್ರಶ್ನೆ: ಒಳ್ಳೆ ಬ್ಯಾಟರ್ ಬಂದ ಕೂಡಲೇ ಬೇಕಂತಲೇ ನಡೆಸಿ ಬೇಸಿಗೆ ಕಳಿಸುತ್ತಾರಂತಲ್ಲ? ಇದು ಹೇಡಿತನ ಅಲ್ವಾ ಸಾರ್? ಉಪ್ಪಳದಿಂದ ಒಬ್ಬ ಕಾಲೇಜು ವಿದ್ಯಾರ್ಥಿ.

ಉತ್ತರ: ಹೇಡಿತನವೇ. ಆದರೆ ನಿಯಮದ ಒಳಗಿನ ಹೇಡಿತನ. ಬ್ಯಾಟಿಂಗ್ ಆರ್ಡರಿಗೆ ಬೀಗ ಇರುವುದರಿಂದಲೇ ಇದು ನಡೆಯುತ್ತದೆ. ಮುಂದೆ ಬರುವವನು ಯಾರು ಅಂತ ಎದುರು ತಂಡಕ್ಕೆ ಮೊದಲೇ ಗೊತ್ತು. ಇವನಿಗೆ ಹಾಕುವುದಕ್ಕಿಂತ ಅವನಿಗೆ ಹಾಕುವುದು ಲೇಸು ಅನಿಸಿದರೆ ಇವನನ್ನು ನಡೆಸಿ ಕಳಿಸುತ್ತಾರೆ.

ಸ್ಯಾನ್ ಫ್ರಾನ್ಸಿಸ್ಕೊ ತಂಡದಲ್ಲಿ ಬ್ಯಾರಿ ಬಾಂಡ್ಸ್ ಅಂತ ಒಬ್ಬ ದೊಡ್ಡ ಹೊಡೆತಗಾರ ಇದ್ದ. 2004ರಲ್ಲಿ ಅವನಿಗೆ ಸಿಕ್ಕಿದ ವಾಕ್ 232, ಅದರಲ್ಲಿ ಬೇಕಂತಲೇ ಕೊಟ್ಟದ್ದು 120. ಅವನದ್ದೇ ಇನ್ನೊಂದು ಪ್ರಸಂಗ 1998ರ ಮೇ 28ರದ್ದು. ಒಂಬತ್ತನೇ ಇನ್ನಿಂಗ್ಸ್. ಅರಿಜೋನಾ 8, ಸ್ಯಾನ್ ಫ್ರಾನ್ಸಿಸ್ಕೊ 6. ಇಬ್ಬರು ಔಟ್. ಮೂರು ಬೇಸಿನಲ್ಲೂ ಜನ. ಬಾಂಡ್ಸ್ ಬಂದ. ಅರಿಜೋನಾದ ಮ್ಯಾನೇಜರ್ ಬಕ್ ಶೋವಾಲ್ಟರ್ ಅವನನ್ನು ನಡೆಸಿ ಕಳಿಸಿದ! ಬೇಸ್ ತುಂಬಿರುವಾಗ ನಡೆಸಿದರೆ ಎದುರಿನವರಿಗೆ ಒಂದು ರನ್ ಪುಕ್ಕಟೆ. ಸ್ಕೋರ್ 8-7 ಆಯಿತು. ಮುಂದಿನ ಬ್ಯಾಟರ್ ಹೊಡೆದ ಚೆಂಡು ಕ್ಯಾಚ್ ಆಯಿತು. ಅರಿಜೋನಾ ಗೆದ್ದಿತು. ಇದನ್ನು ಹೇಡಿತನ ಅನ್ನಬೇಕೋ ಎಂಟೆದೆ ಅನ್ನಬೇಕೋ ನೀವೇ ಹೇಳಿ. ಆ ಕ್ಯಾಚ್ ಬಿಟ್ಟಿದ್ದರೆ ಶೋವಾಲ್ಟರ್ ಆ ಊರಲ್ಲಿ ತರಕಾರಿ ತರಲು ಹೋಗುವ ಹಾಗಿರಲಿಲ್ಲ.

ಪ್ರಶ್ನೆ: ನಮ್ಮ ತಳಂಗರೆಯ ಮೊಹಮ್ಮದ್ ಅಜರುದ್ದೀನ್ ಟಿ-20ಯಲ್ಲಿ ಓಪನಿಂಗ್ ಬಂದು ಮುಂಬೈಯನ್ನು ಚಿಂದಿ ಮಾಡಿದವರು. ರಣಜಿಯಲ್ಲಿ ಅವರನ್ನು ಯಾಕೆ ಕೆಳಗೆ ಆಡಿಸುತ್ತಾರೆ? ನಮ್ಮ ಜಿಲ್ಲೆಯವರು ಅಂತ ಅಸಡ್ಡೆಯಾ? ಮುಳ್ಳೇರಿಯದ ಓದುಗರು.

ಉತ್ತರ: ಜಿಲ್ಲೆಯ ನೋವು ನನಗೂ ಉಂಟು. ತಿರುವನಂತಪುರಕ್ಕೆ ನಾವು ದೂರ, ಬೆಂಗಳೂರಿಗೂ ದೂರ. ಆದರೆ ಇದರಲ್ಲಿ ಅದನ್ನು ಸೇರಿಸಬೇಡಿ.

2021ರ ಜನವರಿಯಲ್ಲಿ ವಾಂಖೆಡೆಯಲ್ಲಿ ಮುಂಬೈ 196 ಮಾಡಿತ್ತು. ಅಜರುದ್ದೀನ್ ಓಪನಿಂಗ್ ಬಂದು 54 ಬಾಲಿಗೆ ಔಟಾಗದೆ 137. ಕೇರಳ 16 ಓವರ್ ತುಂಬುವ ಮೊದಲೇ ಗೆದ್ದಿತು. ಅದು 20 ಓವರಿನ ಆಟ. ಇರುವುದೇ 120 ಚೆಂಡು, ಹೊಡೆಯುವವನಿಗೆ ಜಾಸ್ತಿ ಚೆಂಡು ಸಿಗಬೇಕು, ಮೊದಲು ಕಳಿಸಬೇಕು. ರಣಜಿ ದಿನಗಟ್ಟಲೆಯ ಆಟ. ಚೆಂಡಿಗೆ ಬರ ಇಲ್ಲ. ಅವರು ವಿಕೆಟ್ ಕೀಪರ್ ಬೇರೆ. ದಿನವಿಡೀ ಕೂತು ಎದ್ದು, ಪ್ಯಾಡ್ ಬಿಚ್ಚಿ ಇನ್ನೊಂದು ಪ್ಯಾಡ್ ಕಟ್ಟಿ ಹತ್ತೇ ನಿಮಿಷದಲ್ಲಿ ಹೊಸ ಚೆಂಡಿಗೆ ನಿಲ್ಲುವುದು ಯಾರಿಗೂ ಸುಖವಲ್ಲ. ಆಸ್ಟ್ರೇಲಿಯಾದ ಗಿಲ್‌ಕ್ರಿಸ್ಟ್ ಒಂದು ದಿನದ ಪಂದ್ಯದಲ್ಲಿ ಓಪನರ್, ಟೆಸ್ಟ್‌ನಲ್ಲಿ ಏಳನೆಯವರು. ಅವರಿಗೆ ಯಾರು ಅಸಡ್ಡೆ ಮಾಡಿದರು?

ಮತ್ತೆ 2025ರ ರಣಜಿ ಸೆಮಿಫೈನಲ್ ಮರೆತಿರಾ? ಅಹಮದಾಬಾದಿನಲ್ಲಿ ಗುಜರಾತ್ ಎದುರು, ಮಧ್ಯಮ ಕ್ರಮಾಂಕದಲ್ಲಿ ಬಂದು ಔಟಾಗದೆ 177. ಕೇರಳ 457, ಗುಜರಾತ್ 455. ಎರಡೇ ರನ್ನಿನ ಮುನ್ನಡೆ. ಅದರಲ್ಲಿ ಕೇರಳ ಮೊದಲ ಸಲ ಫೈನಲ್ ಮುಟ್ಟಿತು. ಅಜರುದ್ದೀನ್ ಅವತ್ತು ಓಪನಿಂಗ್ ಹೋಗಿ ಬೇಗ ಔಟಾಗಿದ್ದರೆ ನೀವೇ "ಕೆಳಗೆ ಆಡಿಸಬಾರದಿತ್ತಾ" ಅಂತ ಪತ್ರ ಬರೆಯುತ್ತಿದ್ದಿರಿ.

ಪ್ರಶ್ನೆ: ಬೇಸ್‌ಬಾಲ್ ನಮಗೆ ಯಾಕೆ? ಕಬಡ್ಡಿ ಬಗ್ಗೆ ಬರೆಯಿರಿ. ಮಂಜೇಶ್ವರದ ಓದುಗರು.

ಉತ್ತರ: ನೀವು ಕೇಳಿದರೆ ಬರೆಯುತ್ತೇನೆ. ಕೇಳಿದ್ದು ಬದಿಯಡ್ಕದವರು.

ಪ್ರಶ್ನೆ: ಸಾರ್, ನಮ್ಮ ಕ್ಲಬ್ಬಿನವರು ಓವರ್ ಆರ್ಮ್ ಟೂರ್ನಮೆಂಟಿಗೆ ಹೋಗುತ್ತಿದ್ದೇವೆ. ಆರು ಓವರಿನ ಮ್ಯಾಚ್. ಬ್ಯಾಟಿಂಗ್ ಆರ್ಡರ್ ಹೇಗೆ ಮಾಡಬೇಕು? ಪ್ರತಿ ಸಲ ಜಗಳ ಆಗುತ್ತದೆ. ಪೆರ್ಲದ ಹುಡುಗರು.

ಉತ್ತರ: ಇರುವುದು 36 ಚೆಂಡು. ಅಷ್ಟರಲ್ಲಿ ಹನ್ನೊಂದು ಜನರಿಗೂ ಬ್ಯಾಟಿಂಗ್ ಬರುವುದಿಲ್ಲ. ಐದನೆಯವನಿಗೆ ಬಂದರೆ ಅದೇ ಜಾಸ್ತಿ. ಹಾಗಾಗಿ ನಿಮ್ಮ ಅತಿ ಒಳ್ಳೆಯ ಹೊಡೆತಗಾರನನ್ನು "ಕೊನೆಗೆ ಬೇಕಾಗ್ತದೆ" ಅಂತ ಉಳಿಸಿ ಇಡಬೇಡಿ. ಆ ಕೊನೆ ಎಷ್ಟೋ ಸಲ ಬರುವುದೇ ಇಲ್ಲ. ಅವನನ್ನೇ ಮೊದಲು ಕಳಿಸಿ. ಜೊತೆಗೆ ಒಬ್ಬ ಚುರುಕು ಓಟದವನು ಇರಲಿ, ಒಂದು ರನ್ ತೆಗೆದು ಸ್ಟ್ರೈಕ್ ಕೊಡುವವನು. ಅವನಿಗೆ ಸಿಕ್ಸ್ ಹೊಡೆಯುವ ಆಸೆ ಇರಬಾರದು. ಇಂಥವನು ಎಲ್ಲ ಕ್ಲಬ್ಬಿನಲ್ಲೂ ಒಬ್ಬ ಇರುತ್ತಾನೆ, ಟೀಮ್ ಫೋಟೋದಲ್ಲಿ ಮೂಲೆಯಲ್ಲಿ ನಿಂತಿರುತ್ತಾನೆ. ಮೂರನೆಯವನು ಇನ್ನೊಬ್ಬ ಹೊಡೆತಗಾರ. ಸಾಧ್ಯವಾದರೆ ಒಬ್ಬ ಎಡಗೈ, ಒಬ್ಬ ಬಲಗೈ ಜೋಡಿ ಮಾಡಿ. ಮೈದಾನದ ಒಂದು ಬದಿಯ ಬೌಂಡರಿ ಹತ್ತಿರ ಇದ್ದೇ ಇರುತ್ತದೆ, ಅದನ್ನು ಮೊದಲು ನೋಡಿಕೊಳ್ಳಿ.

ಪಟ್ಟಿಯನ್ನು ಹಿಂದಿನ ರಾತ್ರಿಯೇ ಓದಿ ಹೇಳಿ. ಬೆಳಿಗ್ಗೆ ಮೈದಾನದಲ್ಲಿ ಹೇಳಿದರೆ ಜಗಳ ಗ್ಯಾರಂಟಿ. ಎಂಟ್ರಿ ಫೀ ಕೊಟ್ಟವನು "ನಾನೇ ಓಪನರ್" ಅಂತ ಹಟ ಹಿಡಿದರೆ ಮಾತ್ರ ನನ್ನ ಹತ್ತಿರ ಉಪಾಯ ಇಲ್ಲ. ಅವನನ್ನೇ ಕಳಿಸಿ, ಮೊದಲ ಓವರಿನಲ್ಲೇ ವಾಪಸ್ ಬರುತ್ತಾನೆ.